ಕುಂಕುಮ ಹಚ್ಚಿಸಿಕೊಂಡ ಅಡ್ರಿನಲಿನ್

ನಾನು ಒಂದು ಅಡ್ರಿನಲಿನ್ ಆಂಪ್ಯೂಲ್. ಕಿರುಬೆರಳಿನಷ್ಟು ಗಾಜು, ಅದರೊಳಗೆ ನೀರಿನಂಥ ಒಂದಿಷ್ಟು ಔಷಧ, ಅಷ್ಟೇ ನನ್ನ ಸಂಸಾರ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಬೆಂಕಿ ನನ್ನ ಕತ್ತನ್ನು ಕರಗಿಸಿ ಬಾಯಿ ಮುಚ್ಚಿದ ಗಳಿಗೆಯೇ ನನ್ನ ಜನ್ಮಗಳಿಗೆ. ಆಮೇಲೆ ಸೊಂಟಕ್ಕೊಂದು ಹೆಸರಿನ ಚೀಟಿ ಅಂಟಿಸಿದರು. ಬೆಳಕು ತಾಗಿದರೆ ಕೆಡುವ ಜಾತಿ ಎಂದು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದರು.

ನನ್ನ ಬಂಧುಗಳು ನಿಮ್ಮೊಳಗೂ ಇದ್ದಾರೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿಗಳಲ್ಲಿ ಅವರ ವಾಸ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಹೊಡೆದುಕೊಳ್ಳುತ್ತದಲ್ಲ, ಅಂಗೈ ಬೆವರಿ, ಮುಖ ಬಿಳಿಚಿ, ಕಾಲು ತಾನಾಗಿ ಓಟ ಕೀಳುತ್ತದಲ್ಲ, ಅದೆಲ್ಲ ಅವರದೇ ಕೈವಾಡ. ಒಳಗಿನವರು ಸಾಲದಾದಾಗ ಹೊರಗಿನಿಂದ ನಾನು ಹೋಗಬೇಕು. ಕೆಲವರಿಗೆ ಜೇನಿನ ಕಡಿತವೋ ಕಡಲೆಕಾಯಿಯೋ ಯಾವುದೋ ಇಂಜೆಕ್ಷನ್ನೋ ಮೈಗೆ ಆಗುವುದಿಲ್ಲ. ಗಂಟಲು ಊದುತ್ತದೆ, ಉಸಿರಿನ ದಾರಿ ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆಗ ತೊಡೆಯ ಹೊರಬದಿಗೆ ನನ್ನನ್ನು ಚುಚ್ಚಿದರೆ ಸಡಿಲಬಿದ್ದ ರಕ್ತನಾಳಗಳನ್ನು ಬಿಗಿಯುತ್ತೇನೆ, ಶ್ವಾಸನಾಳಗಳನ್ನು ಬಿಡಿಸುತ್ತೇನೆ, ಗುಂಡಿಗೆಯನ್ನು ಗದರಿಸಿ ಓಡಿಸುತ್ತೇನೆ. ನಿಂತೇ ಹೋದ ಗುಂಡಿಗೆಗೂ ಡಾಕ್ಟರು ಕರೆಯುವುದು ನನ್ನನ್ನೇ. ಆದರೆ ತಡ ಮಾಡುವಂತಿಲ್ಲ. ಇದನ್ನೆಲ್ಲ ಜಂಬದಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

ನಾನು ಬಂದು ಸೇರಿದ್ದು ಮಂಡ್ಯದ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ನನ್ನ ಯಜಮಾನಿ ಎಂದರೆ ಸಿಸ್ಟರ್ ಪಂಕಜಾಕ್ಷಿ. ಊರಿನ ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿದ ಕೈ ಆಕೆಯದು. "ಪಂಕಜಕ್ಕ ಚುಚ್ಚುದ್ರೆ ಸೊಳ್ಳೆ ಕಚ್ದಂಗೂ ಇರಲ್ಲ" ಎನ್ನುತ್ತಿದ್ದರು ಜನ. ದಿನಾ ಬೆಳಿಗ್ಗೆ ತುರ್ತಿನ ಔಷಧಗಳ ಸ್ಟೀಲ್ ಟ್ರೇ ಎಳೆದುಕೊಂಡು ನಮ್ಮೊಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿ ನೋಡಿಯೇ ಆಕೆ ಕಾಫಿ ಕುಡಿಯುತ್ತಿದ್ದುದು. ಇಂಥವಳಿಂದಲೇ ಹೀಗಾಯಿತಲ್ಲ ಅನ್ನುವುದೇ ನನ್ನ ಸಂಕಟ.

ಅಂದು ಆಯುಧಪೂಜೆ. ಆಂಬುಲೆನ್ಸಿಗೆ ಬಾಳೆಕಂದು ಕಟ್ಟಿತ್ತು. ಪಂಕಜಾಕ್ಷಿ ಇಂಜೆಕ್ಷನ್ ಕೋಣೆಯಲ್ಲಿ ರಂಗೋಲಿ ಬಿಟ್ಟು, ಕತ್ತರಿ, ಸ್ಟೆತಸ್ಕೋಪು, ಬಿಪಿ ಯಂತ್ರ ಎಲ್ಲವನ್ನೂ ತೊಳೆದೊರೆಸಿ ಸಾಲಾಗಿ ಜೋಡಿಸಿದಳು. ಕೊನೆಗೆ ನಮ್ಮನ್ನೂ ಪೆಟ್ಟಿಗೆಗಳಿಂದ ಬಿಡಿಸಿ ಟ್ರೇಯಲ್ಲಿ ಮಲಗಿಸಿದಳು. ಹೊಸದಾಗಿ ಬಂದಿದ್ದ ಡಾಕ್ಟರ್ ವಿನುತಾ ಬಾಗಿಲಲ್ಲೇ ನಿಂತು, "ಸಿಸ್ಟರ್, ಎಮರ್ಜೆನ್ಸಿ ಟ್ರೇನೂ ಪೂಜೆಗಿಡಬೇಕಾ?" ಎಂದಳು.

"ಡ್ರೈವರ್ ಬೋರಯ್ಯಂಗೆ ಗಾಡಿ ಆಯುಧ, ನಮಗೆ ಇದೇ ತಾನೆ ಮೇಡಂ? ಸಾಯಂಕಾಲ ಮಂಗಳಾರತಿ ಆಗೋಗಂಟ ಯಾರೂ ಮುಟ್ಟೋದು ಬೇಡ. ಆಮೇಲೆ ನಾನೇ ಎತ್ತಿಡ್ತೀನಿ."

ವಿನುತಾ ನಕ್ಕು, ತಾನೂ ಕೈ ಮುಗಿದು ಹೋದಳು.

ಒಬ್ಬೊಬ್ಬರಿಗೂ ಒದ್ದೆ ಗಂಧ, ಅದರ ಮೇಲೆ ಕುಂಕುಮ, ಮೇಲೊಂದು ಸೇವಂತಿಗೆ. ಅಯ್ಯೋ, ನನ್ನ ಬಿಂಕ ಏನು ಕೇಳುತ್ತೀರಿ! ಕತ್ತಲ ಪೆಟ್ಟಿಗೆಯಲ್ಲಿ ಬಿದ್ದಿದ್ದವನಿಗೆ ಒಮ್ಮೆಲೇ ದೇವರ ಪಟ್ಟ. ಪಕ್ಕದ ಆಂಪ್ಯೂಲಿಗಿಂತ ನನಗೆ ಕುಂಕುಮ ಒಂದು ಕೈ ಜಾಸ್ತಿಯೇ ಬಿದ್ದಿದೆ ಎಂದು ಬೀಗಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ನನ್ನ ಹೆಸರೇ ಆ ಗಂಧದಡಿ ಮುಚ್ಚಿಹೋಗಿತ್ತು, ನನಗೆ ಅದರ ಪರಿವೆಯೇ ಇರಲಿಲ್ಲ.

ಮಧ್ಯಾಹ್ನ ಪಕ್ಕದ ಊರಿನ ಮಾಯಿಗಯ್ಯ ತನ್ನ ಟ್ರ್ಯಾಕ್ಟರಿಗೆ ಪೂಜೆ ಮಾಡಿ, ಬೂದುಗುಂಬಳ ಒಡೆದು, ಗೋಣಿಮರದಡಿ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದ. ಮೇಲೆ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿದ್ದು ಆತನಿಗೆ ಗೊತ್ತಿರಲಿಲ್ಲ. ಹೂ ಕಟ್ಟಿದ ಅದೇ ಟ್ರ್ಯಾಕ್ಟರಿನಲ್ಲಿ ಅವನನ್ನು ಹಾಕಿಕೊಂಡು ಬಂದರು.

"ಅಕ್ಕಾ, ಹೆಜ್ಜೇನು ಮುತ್ಕಂಡ್ಬುಟ್ಟೊ! ಉಸ್ರೇ ಬರ್ತಿಲ್ಲ, ನೋಡಕ್ಕಾ!" ಎಂದು ಅವನ ಹೆಂಡತಿ ಹೊಂಬಾಳಮ್ಮ ಕಿರುಚಿದಳು.

ಮಾಯಿಗಯ್ಯನ ತುಟಿ ಊದಿ, ಕಣ್ಣು ಮುಚ್ಚಿಹೋಗಿತ್ತು. ಎದೆಯಿಂದ ಸಿಳ್ಳೆಯಂಥ ಸದ್ದು.

"ಸಿಸ್ಟರ್, ಅಡ್ರಿನಲಿನ್! ಬೇಗ!" ಎಂದು ವಿನುತಾ ಕೂಗಿದಳು.

ಪಂಕಜಾಕ್ಷಿ ಓಡಿ ಬಂದು ಟ್ರೇಗೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಇನ್ನೂ ಮಂಗಳಾರತಿ ಆಗಿರಲಿಲ್ಲ. ಆ ಕೈ ತಡೆದದ್ದನ್ನು ಕಂಡವನು ನಾನೊಬ್ಬನೇ. ಮರುಕ್ಷಣ ಹೂವನ್ನೆಲ್ಲ ಬಾಚಿ ಎಸೆದಳು. ನೋಡುತ್ತಾಳೆ, ಒಳಗಿನ ಔಷಧ ಬೇರೆ ಬೇರೆಯಾದರೂ ಎಲ್ಲರೂ ಒಂದೇ ಅಳತೆ, ಎಲ್ಲರ ಮೈಯೂ ಒಂದೇ ಕೆಂಪು. ಗಾಬರಿಯಲ್ಲಿ ಸ್ಪಿರಿಟ್ ಹತ್ತಿಯಿಂದ ತಿಕ್ಕಿದಳು. ನೆನೆದಿದ್ದ ಚೀಟಿ ಅಕ್ಷರಗಳ ಸಮೇತ ಕಿತ್ತು ಬಂತು.

"ಮೇಡಂ, ಇದೇ ಇರ್ಬೇಕು..."

"ಇರ್ಬೇಕು ಅಂದ್ರೆ? ಯಾವುದು ಅಂತ ಗೊತ್ತಿಲ್ದೆ ಹೆಂಗೆ ಚುಚ್ಚಲಿ ಸಿಸ್ಟರ್?"

ಪಂಕಜಾಕ್ಷಿಯ ಬೆರಳುಗಳ ನಡುವೆ ಇದ್ದದ್ದು ನಾನೇ. ನಾನೇ ಕಣಮ್ಮಾ, ನಾನೇ ಎಂದು ಒಳಗೇ ಬಡಿದುಕೊಂಡೆ. ಗಾಜಿಗೆಲ್ಲಿಯ ಬಾಯಿ? ಆಕೆಯ ಮೈಯೊಳಗಿನ ನನ್ನ ಬಂಧುಗಳು ಎಚ್ಚೆತ್ತು ಆಕೆಯ ಕೈಯನ್ನು ಗಡಗಡ ನಡುಗಿಸುತ್ತಿದ್ದರು. ಸಾಯುತ್ತಿದ್ದವನಿಗೆ ಬೇಕಾದದ್ದು ಹೆದರಿದವಳ ಮೈಯಲ್ಲಿ ಹರಿಯುತ್ತಿತ್ತು. ಅತ್ತ ಸಿಳ್ಳೆಯ ಸದ್ದೂ ಅಡಗುತ್ತಾ ಬಂತು.

"ಆಂಬುಲೆನ್ಸ್ ಬ್ಯಾಗಲ್ಲಿ ಒಂದೈತಲ್ಲ ಮೇಡಂ!" ಎಂದು ಕೂಗಿದವನು ಬೋರಯ್ಯ. ಬಾಳೆಕಂದನ್ನು ಮುರಿದುಕೊಂಡೇ ಗಾಡಿಗೆ ನುಗ್ಗಿ, ಸೀಟಿನಡಿಯ ಬ್ಯಾಗ್ ಎಳೆದು ತಂದ. ಧೂಳು ಹಿಡಿದ ಆ ಬ್ಯಾಗನ್ನು ಪೂಜೆಗಿಡಲು ಯಾರಿಗೂ ನೆನಪಾಗಿರಲಿಲ್ಲ. ಅದರೊಳಗಿದ್ದ ನನ್ನ ತಮ್ಮನ ಮೈಮೇಲೆ ಹೆಸರು ಸ್ವಚ್ಛವಾಗಿ ಕಾಣುತ್ತಿತ್ತು. ವಿನುತಾ ಅವನ ಕತ್ತು ಮುರಿದು, ಸಿರಿಂಜಿಗೆ ಎಳೆದು, ಮಾಯಿಗಯ್ಯನ ತೊಡೆಗೆ ಚುಚ್ಚಿದಳು. ಕಾಲು ಎತ್ತರಿಸಿ, ಆಕ್ಸಿಜನ್ ಹಾಕಿ, ಸಲೈನ್ ಏರಿಸಿದರು. ಮೊದಲು ಸಿಳ್ಳೆ ಮರಳಿತು, ಆಮೇಲೆ ಕೆಮ್ಮು, ಆಮೇಲೆ "ನೀರು" ಎಂಬ ಮಾತು.

ಹೊಂಬಾಳಮ್ಮ ಪಂಕಜಾಕ್ಷಿಯ ಕಾಲಿಗೆ ಬಿದ್ದಳು. "ಇವತ್ತೇ ಪೂಜೆ ಮಾಡಿದ್ರಿ, ಇವತ್ತೇ ದೇವರು ಕಣ್ಬುಟ್ಟ ಕಣಕ್ಕ" ಎಂದು ಟ್ರೇಗೂ ಕೈ ಮುಗಿದಳು. ಪಂಕಜಾಕ್ಷಿಯ ಮುಷ್ಟಿಯಲ್ಲಿ ನಾನಿನ್ನೂ ಇದ್ದೆ. ಆಕೆ ತುಟಿ ಬಿಚ್ಚಲಿಲ್ಲ. ವಿನುತಾ ನೆಲ ನೋಡಿದಳು. ಮಾಯಿಗಯ್ಯನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಹೆಸರಿಲ್ಲದ ಔಷಧವನ್ನು ಬಿಸಾಡಬೇಕು, ಅದು ನಿಯಮ. ಪಂಕಜಾಕ್ಷಿ ಬಿಸಾಡಲಿಲ್ಲ. ನನ್ನನ್ನು ಕಿಟಕಿಯ ಮೇಲಿಟ್ಟಳು. ಬೆಳಿಗ್ಗೆ ಟ್ರೇ ಓದುವಾಗ ಆಕೆಯ ದನಿ ಈಗ ಏಳುತ್ತಿರಲಿಲ್ಲ. ಆಸ್ಪತ್ರೆಯ ಪೂಜೆ ಬಲು ಶಕ್ತಿಯದು ಎಂದು ಸುತ್ತಲ ಊರವರು ಹೊಗಳಿದಾಗಲೆಲ್ಲ ಆಕೆ ಒಳಗೆ ಎದ್ದು ಹೋಗುತ್ತಿದ್ದಳು. ಬಿಸಿಲು ಬಿದ್ದು ಬಿದ್ದು ನನ್ನೊಳಗಿನ ತಿಳಿನೀರು ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ಕಂದು ಬಣ್ಣವಾಯಿತು.

ಗಂಡ ಮನೆಗೆ ಬಂದ ಮೇಲೆ ಹೊಂಬಾಳಮ್ಮ ಕಾಯಿ, ಹೂವು, ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದಳು. "ಆ ತಟ್ಟೆಗೊಂದು ಪೂಜೆ ಮಾಡ್ಬುಟ್ಟು ಹೋಯ್ತೀನಿ ಕಣಕ್ಕ" ಎಂದು ಟ್ರೇ ಮೇಲೆ ಬಾಗಿದಳು. ಪಂಕಜಾಕ್ಷಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಬೇಡ ಕಣವ್ವ. ಈ ಕುಂಕುಮದಿಂದ್ಲೇ ನಿನ್ನ ಗಂಡ ಸಾಯ್ತಿದ್ದ. ಔಷಧಿ ಇಲ್ಲೇ ಇತ್ತು. ಹೆಸರು ಕಾಣದಂಗೆ ಮೆತ್ತಿದ್ದೋಳು ನಾನು. ಆ ಬ್ಯಾಗಲ್ಲಿ ಒಂದು ಇಲ್ದೆ ಹೋಗಿದ್ರೆ..."

ಹೊಂಬಾಳಮ್ಮ ಕೈ ಬಿಡಿಸಿಕೊಂಡು ಕುಂಕುಮದ ಬಟ್ಟಲನ್ನು ಸೆರಗಿನಡಿಗೆ ಸರಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ.

"ಅವತ್ತು ನಿಮ್ಮ ಕಾಲಿಗೆ ಬಿದ್ನಲ್ಲಕ್ಕ," ಎಂದಳು ಮೆಲ್ಲಗೆ. "ಯಾಕೆ ಸುಮ್ಕೆ ಬೀಳಿಸ್ಕಂಡ್ರಿ?"

ತಂದಿದ್ದ ಕಾಯನ್ನು ಮಡಿಲಿಗೆ ಹಾಕಿಕೊಂಡು ಹೊಂಬಾಳಮ್ಮ ಹೊರಟುಹೋದಳು.

ಆಕೆ ಕೇಳಿದ್ದು ಪಂಕಜಾಕ್ಷಿಯನ್ನು. ಆದರೆ ಅಂದು ಕೈ ಮುಗಿಸಿಕೊಂಡವರಲ್ಲಿ ನಾನೂ ಒಬ್ಬ. ಇನ್ನು ನಾನು ಯಾರ ಮೈಗೂ ಸಲ್ಲುವವನಲ್ಲ. ಒಂದು ಗುಂಡಿಗೆಯನ್ನು ಎಬ್ಬಿಸಲೆಂದು ಹುಟ್ಟಿದವನು ನಾನು. ಈ ಜನ್ಮದಲ್ಲಿ ಮಾಡಿದ್ದು ಒಂದೇ ಕೆಲಸ, ಕೂತು ಪೂಜೆ ಮಾಡಿಸಿಕೊಂಡದ್ದು.