ತಲುಪಿತು

"ಭಾವಾ, ಆ ಬದಿ ಹಿಡೀರಿ" ಎಂದ ಹೆಂಡತಿಯ ತಮ್ಮ ನವೀನ. ಉಲ್ಲಾಸ ಹಿಡಿದ. ಹೆಂಡತಿಯ ಕಪಾಟನ್ನು ತಾನೇ ಹೊತ್ತು ಮನೆಯಿಂದ ಹೊರಗೆ ಸಾಗಿಸುತ್ತಿದ್ದೇನೆ, ಯಾಕೆಂದು ಮಾತ್ರ ಗೊತ್ತಿಲ್ಲ ಎಂಬುದು ಬಾಗಿಲು ದಾಟುವಾಗ ಅವನಿಗೆ ಹೊಳೆಯಿತು.

ಕೇಳುವಂತಿರಲಿಲ್ಲ. ಒಪ್ಪಿದವನು ಅವನೇ.

ನಿನ್ನೆ ಮಧ್ಯಾಹ್ನ ಮಂಚಿಕೇರಿಯಿಂದ ರಕ್ಷಿತಾ ಫೋನು ಮಾಡಿದ್ದಳು. ಹಬ್ಬಕ್ಕೆಂದು ತವರಿಗೆ ಹೋದವಳು, ಹಬ್ಬ ಮುಗಿದು ತಿಂಗಳು ಕಳೆದರೂ ಬಂದಿರಲಿಲ್ಲ. ಬಹಳ ಹೊತ್ತು ಮಾತಾಡಿದಳು. ಉಲ್ಲಾಸನ ಕಣ್ಣು ಕಂಪ್ಯೂಟರಿನ ಪರದೆಯ ಮೇಲಿತ್ತು. ನಡುನಡುವೆ "ಹ್ಞೂಂ" ಎಂದ. ಕೊನೆಗೆ ಅವಳ ದನಿ ಮೇಲೇರಿ ನಿಂತಾಗ, ಏನೋ ಕೇಳುತ್ತಿರಬೇಕು ಎಂದುಕೊಂಡು, ಶಿರಸಿಯಲ್ಲಿ ಎಲ್ಲರೂ ಎಲ್ಲದಕ್ಕೂ ಹೇಳುವಂತೆ "ಅಡ್ಡಿಲ್ಲ" ಎಂದ. ಆಮೇಲೆ ಅವಳು ಅತ್ತಳೋ ನಕ್ಕಳೋ, ಅದೂ ತಿಳಿಯಲಿಲ್ಲ.

ಬಂದ ಮಾತನ್ನು ಬರಮಾಡಿಕೊಳ್ಳುವುದೇ ಅವನ ಉದ್ಯೋಗ. ಶಿರಸಿಯ ಈ ಬಾಡಿಗೆ ಮನೆಯಲ್ಲಿ ಕೂತು, ಕಂಪ್ಯೂಟರಿನ ತೀರಾ ಒಳಗಿನ ತಂತ್ರಾಂಶವಾದ ಕರ್ನಲ್ಲಿನ ಒಂದು ಮೂಲೆಯನ್ನು ರಿಪೇರಿ ಮಾಡುತ್ತಾನೆ. ದೂರದ ಯಂತ್ರವೊಂದು ಈ ಯಂತ್ರಕ್ಕೆ ಏನೋ ಕೆಲಸ ಹೇಳಿ ಕಳಿಸುತ್ತದೆ. ಮಾತು ಇಡಿಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಪ್ರತಿ ತುಂಡಿನ ತಲೆಯಲ್ಲಿ ಅದೆಷ್ಟು ಉದ್ದ, ಇದೇ ಕೊನೆಯದೋ ಇನ್ನೂ ಇದೆಯೋ ಎಂಬ ಗುರುತಿರುತ್ತದೆ. ಕೊನೆಯ ತುಂಡು ಬರುವ ತನಕ ಅರ್ಥಕ್ಕೆ ಕೈಹಾಕಬಾರದು. ಆದರೆ ಇದಕ್ಕೂ ಕೆಳಗೊಂದು ಪದರವಿದೆ. ಅದು ಏನನ್ನೂ ಓದದೆ, ಬಂದದ್ದಕ್ಕೆಲ್ಲ 'ತಲುಪಿತು' ಎಂದು ಹೇಳಿ ಕಳಿಸುತ್ತಿರುತ್ತದೆ. ಕಳಿಸಿದವರು ಅದನ್ನು ಉತ್ತರವೆಂದು ನಂಬಬಾರದು. ಉಲ್ಲಾಸ ಇದನ್ನು ಹೊಸಬರಿಗೆ ಎಷ್ಟೋ ಸಲ ಗದರಿ ಹೇಳಿದ್ದ.

ರಕ್ಷಿತಾಗೆ ಹೇಳಿರಲಿಲ್ಲ.

ಕಪಾಟನ್ನು ಜಗಲಿಯಲ್ಲಿ ಇಳಿಸಿ ನವೀನ ಅದರ ಬಾಗಿಲು ತೆರೆದ. "ನಿಮ್ಮ ಅಂಗಿ ಇದ್ರೊಳ್ಗೇ ಅವೆ. ತೆಗೀತ್ರಾ? ಇರ್ಲಾ?"

ಅವಳ ಸೀರೆಗಳಿಗೆ ಒತ್ತಿಕೊಂಡು ಅವನ ಅಂಗಿಗಳು ನೇತಾಡುತ್ತಿದ್ದವು. ಇರಲಿ ಎಂದರೆ ತಾನೂ ಹೋಗುವವನು. ತೆಗೆ ಎಂದರೆ ಇಲ್ಲಿ ಒಬ್ಬನೇ ಉಳಿಯುವವನು. ನಿನ್ನೆ ಒಪ್ಪಿದ್ದು ಯಾವುದಕ್ಕೆ?

"ನಿಂಗೆಂತ ಅನಿಸ್ತದೆ?"

"ನನ್ನ ಕೇಳಿದ್ರೆ?" ನವೀನನಿಗೆ ಮುಜುಗರವಾಯಿತು. "ನೀವು ಇಷ್ಟು ಸಲೀಸಾಗಿ ಒಪ್ತ್ರಿ ಅಂತ ಅಪ್ಪಯ್ಯ ಎಣಿಸಿರ್ಲಿಲ್ಲ ಭಾವಾ. ದೊಡ್ಡ ಮನಸ್ಸು ನಿಮ್ದು."

"ಎಂತ ದೊಡ್ಡದು, ಬಿಡು."

ದೊಡ್ಡ ಮನಸ್ಸು. ಹೆಂಡತಿ ತನ್ನ ಹಳೆಯ ಆಸೆಯಂತೆ ಯಲ್ಲಾಪುರದಲ್ಲಿ ಹೊಲಿಗೆ ಅಂಗಡಿ ಹಾಕಲು ಒಪ್ಪಿದವನಿಗೂ ಹೀಗೆನ್ನಬಹುದು. ಹೆಂಡತಿಯನ್ನು ಜಗಳವಿಲ್ಲದೆ ಬಿಟ್ಟುಕೊಟ್ಟವನಿಗೂ ಅನ್ನಬಹುದು. ಅವನಿಗೆ ಹೆದರಿಕೆಯಾಯಿತು. ಅಡುಗೆಮನೆಗೆ ಹೋಗಿ ಅವಳಿಗೆ ಫೋನು ಮಾಡಿದ.

"ನವೀನ ಬಂದ್ನಾ?"

"ಬಂದಿದ್ದಾನೆ. ಕಪಾಟು ಹೊರಗಿಟ್ಟಾಯ್ತು."

"ಹೊಲಿಗೆ ಮಷಿನ್ನು?"

"ಅದೂ."

"ನಿನ್ನೆ ನೀವು ಸಮಾ ಕೇಳಿಸ್ಕಂಡ್ರಾ? ಇನ್ನೊಂದ್ಸಲ ಹೇಳ್ಲಾ?"

ಯಂತ್ರಗಳಿಗೆ ಇದರಲ್ಲಿ ನಾಚಿಕೆಯಿಲ್ಲ. ಉತ್ತರ ಬಾರದಿದ್ದರೆ ಅದೇ ಮಾತನ್ನು ಮತ್ತೆ ಕಳಿಸುತ್ತವೆ, ಮತ್ತೆ ತೆಗೆದುಕೊಳ್ಳುತ್ತವೆ, ಯಾರಿಗೂ ಬೇಜಾರಿಲ್ಲ. ಹೇಳು ಎಂದರೆ ಮುಗಿಯಿತು. ಆದರೆ ಹಾಗೆಂದ ಕೂಡಲೇ, ನಿನ್ನೆ ಅಷ್ಟು ಹೊತ್ತೂ ಅವಳು ಗೋಡೆಯೊಂದಿಗೆ ಮಾತಾಡಿದ್ದಳೆಂದು ಖಚಿತವಾಗಿಬಿಡುತ್ತದೆ. ಬಿಟ್ಟುಹೋಗದವಳೂ ಆಗ ಹೋಗಿಬಿಡುತ್ತಾಳೆ.

"ಬೇಡ. ಗೊತ್ತದೆ."

"ಹಂಗಾದ್ರೆ ಸರಿ" ಎಂದು ಅವಳು ಫೋನು ಇಟ್ಟಳು. ಅವಳ ದನಿಯಲ್ಲಿ ಸಮಾಧಾನವಿತ್ತು. ಎಂಥ ಸಮಾಧಾನವೆಂದು ಅವನಿಗೆ ಅರ್ಥವಾಗಲಿಲ್ಲ.

ಯಾರೂ ತೆಗೆಯದ್ದರಿಂದ ಅಂಗಿಗಳು ಕಪಾಟಿನಲ್ಲೇ ಉಳಿದವು. ಎಲ್ಲವನ್ನೂ ಪಿಕಪ್ಪಿಗೆ ಏರಿಸಿ ಹಗ್ಗ ಬಿಗಿದ ಮೇಲೆ ನಿಲುವುಗನ್ನಡಿ ಮಿಕ್ಕಿತು. "ಇದು ಕಟ್ಟಿದ್ರೆ ಒಡೀತದೆ. ಯಾರಾದ್ರೂ ಹಿಡ್ಕಂಡು ಕೂರ್ಬೇಕು" ಎಂದ ಡ್ರೈವರ್. ನವೀನ ಭಾವನ ಮುಖ ನೋಡಿದ. ಉಲ್ಲಾಸ ಹಿಂದೆ ಹತ್ತಿದ. ಬನ್ನಿ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಯಲ್ಲಾಪುರ ರಸ್ತೆಯಲ್ಲಿ ಗಾಡಿ ಕುಲುಕುತ್ತ ಹೊರಟಿತು. ಕನ್ನಡಿಯ ಮುಖ ಹಿಂದಿನ ರಸ್ತೆಗಿತ್ತು. ಅವನಿಗೆ ಕಾಣುತ್ತಿದ್ದದ್ದು ಅದರ ಬೆನ್ನಿನ ಹಲಗೆ. ಮಂಚಿಕೇರಿಯಲ್ಲಿ ತಾನು ಇಳಿಯುವುದು ಅಳಿಯನಾಗಿಯೋ, ಕನ್ನಡಿ ತಂದುಕೊಟ್ಟು ಬಸ್ಸಿಗೆ ಕಾಯುವವನಾಗಿಯೋ ಎಂದು ಯೋಚಿಸುತ್ತ ಕೂತ.

ತಿರುವಿನಲ್ಲಿ ಗಾಡಿ ನಿಧಾನವಾದಾಗ ಬೈಕಿನವನೊಬ್ಬ ಹಿಂದೆ ಹತ್ತಿರಕ್ಕೆ ಬಂದ. ಇತ್ತಲೇ ನೋಡಿ ನಕ್ಕ. ಚೌಕಟ್ಟಿನ ಅಂಚಿನಿಂದ ಇಣುಕಿದ ಉಲ್ಲಾಸ, ಎಲ್ಲೋ ಕಂಡ ಮುಖವಿರಬೇಕೆಂದು ತಾನೂ ನಕ್ಕ. ಬೈಕಿನವ ಇನ್ನಷ್ಟು ಅಗಲವಾಗಿ ನಕ್ಕ. ಉಲ್ಲಾಸನೂ ನಕ್ಕ. ಬೈಕಿನವ ಕನ್ನಡಿಯತ್ತ ಕತ್ತು ಚಾಚಿ, ಕಿರುಬೆರಳಿನ ಉಗುರಿನಿಂದ ಹಲ್ಲಿನ ಸಂದಿ ಕೆದಕಿ, ಕೂದಲು ಹಿಂದಕ್ಕೆ ಬಾಚಿಕೊಂಡು, ಗಾಡಿಯನ್ನು ದಾಟಿ ಹೋದ.

ಉಲ್ಲಾಸನ ನಗು ಇನ್ನೂ ಮುಖದ ಮೇಲಿತ್ತು. ಎರಡೂ ಕೈ ಕನ್ನಡಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಅದನ್ನು ಒರೆಸಿಕೊಳ್ಳಲಾಗಲಿಲ್ಲ.