ಶಾಜ್ಲಿಯ ಕೋಬಾಲ್

ರಿಫಾತ್ ಕೈಗೆ ಮೆತ್ತಿದ ಗೋರಿಮಣ್ಣನ್ನು ಇನ್ನೂ ತೊಳೆದಿರಲಿಲ್ಲ. ಅಷ್ಟರಲ್ಲೇ, ಆಗಷ್ಟೇ ಮಣ್ಣುಮಾಡಿಬಂದ ಶಾಜ್ಲಿಯವರ ಅಣ್ಣ ಹಾಜಿ ಖಲಫ್ ಅವನ ತೋಳು ಹಿಡಿದು ಎಳೆತಂದು ಶಾಮಿಯಾನದ ಬಾಗಿಲಲ್ಲಿ, ಸಾಂತ್ವನ ಪಡೆಯುವ ಮನೆಯವರ ಸಾಲಿನ ತುದಿಗೆ, ಮಗ ನಿಲ್ಲುವ ಜಾಗದಲ್ಲಿ ನಿಲ್ಲಿಸಿದರು.

"ನನ್ನ ತಮ್ಮನಿಗೆ ಗಂಡುಮಕ್ಕಳಿಲ್ಲ. ಅವನ ಕೈಲಿ ಕೆಲಸ ಕಲಿತವನು ನೀನು. ನಿಲ್ಲು."

ಸೊಹಾಗ್ ಸೀಮೆಯ ಮುದುಕರಿಗೆ ಎದುರಾಡುವುದುಂಟೇ? ನಿಂತ. ಒಳಗೆ ಶೇಖ್ ಕುರ್‌ಆನ್ ಓದುತ್ತಿದ್ದರು. ಬಂದವರು ಸಾಲಿಗೆ ಕೈಕೊಟ್ಟು ಸಾಂತ್ವನ ಹೇಳಿ, ಸಕ್ಕರೆಯಿಲ್ಲದ ಕಾಫಿ ಕುಡಿದು ಹೋಗುತ್ತಿದ್ದರು.

ರಿಫಾತ್‌ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಕೈರೋದ ಪಿಂಚಣಿ ಕಚೇರಿಯಲ್ಲಿ ಹಳೇ ಪ್ರೋಗ್ರಾಮು ಇನ್ನು ಬೇಡ ಎಂಬ ವರದಿಗೆ, ಅದನ್ನು ಬಲ್ಲವನಾಗಿ, ನಾಳೆ ಬೆಳಿಗ್ಗೆ ಅವನೊಂದು ಸಹಿ ಹಾಕಬೇಕಿತ್ತು. ಹಾಕಿದರೆ ಶಾಜ್ಲಿಯವರ ಕುರ್ಚಿ ಅವನದು. ಅವರು ಜೀವಮಾನವಿಡೀ ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪಿಂಚಣಿ ಪ್ರೋಗ್ರಾಮು ಕಸದಬುಟ್ಟಿಗೆ. ಹಾಕದಿದ್ದರೆ ಅಸ್ವಾನಿನ ಬಿಸಿಲಿಗೆ ವರ್ಗ.

*

ಕಳೆದ ತಿಂಗಳ ಸಭೆಯಲ್ಲಿ ನಿರ್ದೇಶಕ ಮೆದ್ಹತ್ ಬೇ, ಕೋಬಾಲ್ ಸತ್ತ ಭಾಷೆ, ಎಲ್ಲವನ್ನೂ ಕಿತ್ತೆಸೆದು ಹೊರದೇಶದ ಹೊಸ ವ್ಯವಸ್ಥೆ ಕೊಳ್ಳೋಣ ಎಂದಿದ್ದರು. ಶಾಜ್ಲಿ ಎದ್ದುನಿಂತರು. ಕೂತು ಜಗಳವಾಡುವುದು ಅವರ ಜಾಯಮಾನವೇ ಅಲ್ಲ.

"ಸತ್ತಿದ್ರೆ, ಮೊನ್ನೆ ನಿಮ್ಮ ತಾಯಿಯವರ ಪಿಂಚಣಿ ಯಾರು ಹಾಕಿದ್ದು, ಬೇ ಸಾಹೇಬ್ರೇ? ದೆವ್ವಾನಾ?"

ಯಾರೋ ಕಿಸಕ್ಕೆಂದರು. ಶಾಜ್ಲಿ ಬಿಡಲಿಲ್ಲ. ವಿಧವೆಯರಿಗೊಂದು, ಎರಡನೇ ಹೆಂಡತಿಯರಿಗೊಂದು ಅಂತ ಅಷ್ಟೂ ಕಾನೂನು ಆ ಪ್ರೋಗ್ರಾಮಿನಲ್ಲಿ ಕೂತಿದೆ, ಆ ತಿರುಳು ಹಾಗೇ ಇರಲಿ. ಕೋಬಾಲಿಗೂ ಈಗ ಹೊಸ ರೂಪ ಬಂದಿದೆ. ಅದನ್ನು ತಂದು ಹೊಸ ಯಂತ್ರದ ಮೇಲೆ ಕೂರಿಸೋಣ, ಮೊಬೈಲಿಗೆ ದಾರಿ ಮಾಡೋಣ, ಎಳೆಯರಿಗೆ ಕಲಿಸೋಣ. ಖರ್ಚು ಕಾಲುಭಾಗ, ಪಿಂಚಣಿ ಒಂದು ದಿನವೂ ನಿಲ್ಲದು ಎಂದರು.

"ಪೈಪು ಹಳೇದಾಯ್ತು ಅಂತ ಕಟ್ಟಡಾನೇ ಕೆಡವ್ತಾರಾ?"

ಮರುದಿನ ಅವರ ಮೇಜು ಉಗ್ರಾಣ ಸೇರಿತು. ಅಲ್ಲಿಂದಲೂ ದಿನಾ ಬಂದು, ಬಿಟ್ಟುಕೊಡಬೇಡ ಕಣೋ ಎಂದು ರಿಫಾತ್‌ನ ತಲೆ ತಿನ್ನುತ್ತಿದ್ದರು. ರಿಫಾತ್ ಹೂಂ ಅನ್ನುತ್ತಿದ್ದ, ಅಷ್ಟೇ. ಒಂದು ಬೆಳಿಗ್ಗೆ ಅವರ ಎದೆಬಡಿತ ನಿಂತೇಹೋಯಿತು.

*

ಶಾಮಿಯಾನಕ್ಕೆ ಮೆದ್ಹತ್ ಬೇ ಬಂದರು. ಕೈ ಚಾಚಿ ರಿಫಾತ್‌ನ ಕಿವಿಯ ಹತ್ತಿರ ಬಾಗಿದರು.

"ದೇವರು ಅವರಿಗೆ ಒಳ್ಳೇದು ಮಾಡ್ಲಿ. ನಾಳೆ ಬೇಗ ಬಂದ್ಬಿಡಪ್ಪ. ಇನ್ನು ಅಡ್ಡ ಬರೋರು ಯಾರೂ ಇಲ್ಲ."

ರಿಫಾತ್‌ಗೆ ಮೈಯೆಲ್ಲ ಉರಿದುಹೋಯಿತು. ಮಣ್ಣಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಿಮ್ಮ ಸಾಂತ್ವನ ನಾವು ತಗೊಳ್ಳಲ್ಲ."

ಹತ್ತಿರ ಕೂತವರೆಲ್ಲ ತಿರುಗಿ ನೋಡಿದರು. ಸೊಹಾಗಿನ ಕಡೆ ಈ ಮಾತು ಬಾಯಿಗೆ ಬರುವುದು ಕೊಲೆಯಾಗಿ, ಸೇಡು ಇನ್ನೂ ತೀರದಿದ್ದಾಗ ಮಾತ್ರ. ಖಲಫರ ಮುಖ ಕೆಂಪೇರಿತು.

"ಇವನು ಯಾರನ್ನ ಕೊಂದಿದಾನೆ?"

"ಇನ್ನೂ ಕೊಂದಿಲ್ಲ, ದೊಡ್ಡಪ್ಪ. ನಾಳೆ ಕೊಲ್ತಾರೆ. ನಿಮ್ಮ ತಮ್ಮ ಬದುಕಿಡೀ ಮಾಡಿದ ಕೆಲಸಾನ. ಅದೂ ನನ್ನ ಕೈಲೇ ಆಗ್ಬೇಕಂತೆ. ನಾನು ಸಹಿ ಹಾಕಲ್ಲ."

ಅದು ಬರೀ ಹಳೇ ಪ್ರೋಗ್ರಾಮು ಎಂದು ಮೆದ್ಹತ್ ಬೇ ನಗಲು ನೋಡಿದರು. ಖಲಫರಿಗೆ ಕೋಬಾಲ್ ಎಂದರೆ ತಿನ್ನುವುದೋ ಉಡುವುದೋ ತಿಳಿಯದು. ತಮ್ಮನ ಕೆಲಸ ಎಂಬುದಷ್ಟೇ ತಿಳಿಯಿತು. ಅವರು ತಮ್ಮ ಕೈಯನ್ನು ನಿಲುವಂಗಿಯ ಅಗಲ ತೋಳಿನೊಳಗೆ ಎಳೆದುಕೊಂಡರು. ಪಕ್ಕದ ಸೋದರಳಿಯನೂ ಎಳೆದುಕೊಂಡ. ಅವನಾಚೆಯವನೂ. ಹಾಗೇ ಸಾಲಿನ ಕೊನೆಯವರೆಗೆ.

ಕಾಫಿ ಹಂಚುವವನು ತಟ್ಟೆ ಹಿಡಿದು ಬಂದ. ಸಾಲನ್ನು ನೋಡಿದ, ಇನ್ನೂ ಚಾಚಿಯೇ ಇದ್ದ ಆ ಒಂದು ಕೈಯನ್ನೂ ನೋಡಿದ. ತಟ್ಟೆಯನ್ನು ತುಸು ಮೇಲೆತ್ತಿ, ಮೆದ್ಹತ್ ಬೇಯನ್ನು ಸುತ್ತುಹಾಕಿ ಹಿಂದಿನ ಕುರ್ಚಿಗಳ ಕಡೆ ನಡೆದ.