ಬಚ್ಚಿಯ ಅಂಗಳದ ಮುಚ್ಚಳ

ನಾನು ಒಂದು ತಗಡಿನ ಮುಚ್ಚಳ. ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಪೆಟ್ಟಿಗೆಯೊಂದರ ಮೇಲೆ ಕೂರಲೆಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನಾನಿರುವುದು ಧೂಳು ತಡೆಯುವುದಕ್ಕೆ ಎಂದುಕೊಳ್ಳುವವರೇ ಹೆಚ್ಚು. ಅಂಥವರನ್ನು ಕಂಡರೆ ನನಗೆ ಸಿಟ್ಟು. ಪೆಟ್ಟಿಗೆ ಕೆಲಸ ಮಾಡುವಾಗ ಅದರೊಳಗೆ ಒಂದು ಗದ್ದಲ ಏಳುತ್ತದೆ. ಮನುಷ್ಯರ ಕಿವಿಗೆ ಅದು ಕೇಳದು, ಆದರೆ ಹತ್ತಿರದ ರೇಡಿಯೋ, ವೈರ್‌ಲೆಸ್‌ಗಳ ಕಿವಿ ಕೆಡಿಸಿಬಿಡುತ್ತದೆ. ಅದನ್ನು ಹೊರಗೆ ಬಿಡದೆ ಹಿಡಿದಿಡುವುದು ನನ್ನ ಕೆಲಸ.

ಮಾರಾಟಕ್ಕೆ ಬಿಡುವ ಮೊದಲು ನಮ್ಮನ್ನು ನಿಶ್ಶಬ್ದವಾದ ಕೋಣೆಯಲ್ಲಿಟ್ಟು ಪರೀಕ್ಷಿಸಿದರು. ಗದ್ದಲ ನಿಯಮದ ಮಿತಿಯೊಳಗಿದೆ ಎಂದಾದ ಮೇಲೆ ನನ್ನ ಬೆನ್ನಿಗೆ ಚೀಟಿ ಅಂಟಿಸಿದರು: ‘ಮುಚ್ಚಳ ತೆಗೆದು ಬಳಸಬೇಡಿ. ಹತ್ತಿರದ ರೇಡಿಯೋ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ.’ ಅದೂ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಯಾರೂ ಓದಬಾರದೆಂದೇ ಬರೆದಂತಿತ್ತು.

ನಾವು ಬಂದು ಸೇರಿದ್ದು ಕುಂದಾಪುರದ ಕಡೆಯ ಒಂದು ಸಣ್ಣ ಮೀನುಗಾರಿಕೆ ಬಂದರಿಗೆ. ಅಲ್ಲಿಯ ವೈರ್‌ಲೆಸ್ ಕೋಣೆಯಲ್ಲಿ ಕುಷ್ಟ ಮರಕಾಲರು ಕಡಲಿಗೆ ಹೋದ ಬೋಟುಗಳ ಜೊತೆ ಮಾತಾಡುತ್ತಿದ್ದರು. ಹವಾಮಾನ ನೋಡಲೆಂದು ಕಂಪ್ಯೂಟರ್ ಬಂತು, ಅದರ ಹಿಂದೆ ನಾವೂ ಬಂದೆವು. ವೈರ್‌ಲೆಸ್ಸಿನ ಪಕ್ಕದಲ್ಲೇ ನಮಗೆ ಜಾಗವಾಯಿತು.

ಸಂಜೆಯಾದರೆ ಮೀನು ಮಾರುವ ಬಚ್ಚಿ ಬುಟ್ಟಿ ಇಳಿಸಿ ಆ ಕೋಣೆಯ ಬಾಗಿಲಲ್ಲಿ ಕೂರುತ್ತಿದ್ದಳು. ಅವಳ ಗಂಡ ಸುಕ್ರ ಒಂದು ಬೋಟಿನ ತಾಂಡೇಲ. ಬೋಟು ನಡೆಸುವವನು, ಗಟ್ಟಿ ಗಂಟಲಿನವನು.

“ಬಚ್ಚಿ ಇದ್ಲಾ ಅಲ್ಲಿ? ಗಂಜಿಗೆ ಸಿಗ್ಡಿ ಚಟ್ನಿ ಮಾಡುಕ್ ಹೇಳ್!” ಎಂದು ಅವನು ಕಡಲಿನಿಂದ ಕೂಗಿದರೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ಹೊತ್ತಿಗಾಗಿ ನಾನೂ ಕಾಯುತ್ತಿದ್ದೆ.

ಬೇಸಿಗೆ ಬಂತು. ಪೆಟ್ಟಿಗೆ ಮುಟ್ಟಲಾರದಷ್ಟು ಬಿಸಿಯಾಯಿತು. “ನಮ್ಗೇ ಸೆಕಿ ತಡೂಕಾತಿಲ್ಲ, ಇದ್ಕ್ ಅಂಗಿ ಬೇರೆ!” ಎಂದು ಕುಷ್ಟಣ್ಣ ನನ್ನನ್ನು ಬಿಚ್ಚಿ, ಪೆಟ್ಟಿಗೆಗೆ ಫ್ಯಾನ್ ತಿರುಗಿಸಿದರು. ಪಾಪ, ದಯೆಯಿಂದಲೇ ಮಾಡಿದ್ದು.

“ಆ ತಗ್ಡ್ ನಂಗ್ ಕೊಡ್ ಕುಷ್ಟಣ್ಣ, ಸಿಗ್ಡಿ ಒಣ್ಸುಕೆ ಆತ್ತ್” ಎಂದಳು ಬಚ್ಚಿ. ಹಾಗೆ ನಾನು ಅವಳ ಅಂಗಳ ಸೇರಿದೆ.

ಅಂದಿನಿಂದ ವೈರ್‌ಲೆಸ್ಸಿನಲ್ಲಿ ಬರೀ ಗೊರಗೊರ. ಕುಷ್ಟಣ್ಣ ಅದಕ್ಕೆ ಹೊಡೆದರು, ಬೈದರು, ತಂತಿ ಬದಲಾಯಿಸಿದರು. “ಸೆಟ್ಟಿಗ್ ಪ್ರಾಯ ಆಯ್ತ್ ಮಾರಾಯ್ತಿ” ಎಂದು ಬಚ್ಚಿಯನ್ನು ಸಮಾಧಾನ ಮಾಡಿ ಕಳಿಸಿದರು. ಅವಳು ಬಂದು ನನ್ನ ಮೇಲೆ ಸಿಗಡಿ ಹರಡುತ್ತಾ ಅದನ್ನೆಲ್ಲ ತನ್ನಷ್ಟಕ್ಕೆ ಹೇಳಿಕೊಂಡಳು. ನನಗೆ ಎಲ್ಲಾ ಗೊತ್ತಿತ್ತು. ಬಾಯಿ ಇರಲಿಲ್ಲ.

ಮಳೆಗಾಲ ಇನ್ನೂ ದೂರವಿರುವಾಗಲೇ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಉಳಿದ ಬೋಟುಗಳೆಲ್ಲ ದಡ ಸೇರಿದ್ದವು. ಸುಕ್ರನ ಬೋಟು ಮಾತ್ರ ಅಳಿವೆಯ ಬಾಯಲ್ಲಿ ಇಂಜಿನ್ ಕೆಟ್ಟು ನಿಂತಿತು. ಅವನು ವೈರ್‌ಲೆಸ್ಸಿನಲ್ಲಿ ಕೂಗಿದನಂತೆ, ಗಂಟಲು ಹರಿಯುವಂತೆ ಕೂಗಿದನಂತೆ. ದಡದಿಂದ ಒಂದು ಬೋಟು ಹೊರಟಿದ್ದರೂ ಸಾಕಿತ್ತು. ಕುಷ್ಟಣ್ಣ ಸೆಟ್ಟಿನ ಮುಂದೆಯೇ ಕೂತಿದ್ದರು. ಅವರಿಗೆ ಗೊರಗೊರ ಬಿಟ್ಟು ಬೇರೇನೂ ಕೇಳಲಿಲ್ಲ. ಬೋಟು ಮಗುಚಿದ ಮೇಲೆ ಡೀಸೆಲ್ ಕ್ಯಾನು ತಬ್ಬಿಕೊಂಡು ತೇಲಿಬಂದ ಅದರ ಇಬ್ಬರು ಹುಡುಗರು ಅವನು ಕೂಗಿದ್ದನ್ನು ಹೇಳಿದರು. ಸುಕ್ರ ಬರಲಿಲ್ಲ.

ಆಮೇಲೆ ಸೆಟ್ಟು ನೋಡಲು ರಿಪೇರಿಯವರು ಬಂದರು. ಪೆಟ್ಟಿಗೆಯ ಸ್ವಿಚ್ ಆರಿಸಿದ ಕೂಡಲೇ ಗೊರಗೊರ ನಿಂತಿತು. “ಇದ್ರ ಮುಚ್ಚಳ ಎಲ್ಲಿತ್ತ್?” ಎಂದು ಕೇಳಿದರಂತೆ.

ಕುಷ್ಟಣ್ಣ ಬಚ್ಚಿಯ ಅಂಗಳಕ್ಕೆ ಬಂದಾಗ ನನ್ನ ಮೇಲೆ ಸುಕ್ರನಿಗೆಂದು ಒಣಹಾಕಿದ ಸಿಗಡಿ ಹಾಗೇ ಇತ್ತು. ಅವಳು ಅದನ್ನು ಬುಟ್ಟಿಗೆ ಸುರಿದು, ಸೆರಗಿನಿಂದ ನನ್ನನ್ನು ಒರೆಸಿ ಕೊಟ್ಟಳು. ಅವರು ನನ್ನ ಬೆನ್ನಿನ ಚೀಟಿ ನೋಡಿದರು, ಅವಳ ಮುಖ ನೋಡಿದರು, ತಲೆ ತಗ್ಗಿಸಿ ಹೊರಟರು. ನನ್ನನ್ನು ಮತ್ತೆ ಪೆಟ್ಟಿಗೆಗೆ ಹಾಕಿದ ಮೇಲೆ ಎಲ್ಲರ ಸ್ವರವೂ ಸ್ಪಷ್ಟವಾಗಿ ಬಂತು. ಬಚ್ಚಿ ಮಾತ್ರ ಆ ಬಾಗಿಲಿಗೆ ಬರಲಿಲ್ಲ.

ವರ್ಷಗಳು ಕಳೆದು ಪೆಟ್ಟಿಗೆ ಸತ್ತು ಗುಜರಿಗೆ ಹೋಯಿತು. ಆಗ ಅವಳು ಬಂದು, “ಆ ತಗ್ಡ್ ಕೊಡ್ ಕುಷ್ಟಣ್ಣ. ಅದ್ರಲ್ ಸಿಗ್ಡಿ ಲಾಯ್ಕ್ ಒಣಗ್ತಿತ್ತ್” ಎಂದಳು. ಕುಷ್ಟಣ್ಣ ಉಗುರಿನಿಂದ ಚೀಟಿ ಕೆರೆದು ನೋಡಿದರು. ಅದು ಏಳಲಿಲ್ಲ. ಹಾಗೆಯೇ ಕೊಟ್ಟರು.

ಈಗ ಅವಳ ಅಂಗಳದಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿದ್ದೇನೆ. ಮುದಿತನದಲ್ಲಿ ನನಗಿರುವುದು ಒಂದೇ ಆಸೆ. ಇಂಗ್ಲಿಷು ಕಲಿತ ಯಾರಾದರೂ ಈ ಅಂಗಳದಲ್ಲಿ ಬಂದು ಕೂತು, ನನ್ನ ಬೆನ್ನಿನ ಚೀಟಿಯನ್ನು ಅವಳಿಗೆ ಓದಿ ಹೇಳುವ ಮೊದಲು, ಬಿಸಿಲು ಆ ಅಕ್ಷರಗಳನ್ನು ಅಳಿಸಿಬಿಡಲಿ.